ಕರಗಿದ ಬಾಬ್ತು

ಬಂದರು ದಕ್ಕೆಯ ಐಸ್ ಪ್ಲಾಂಟಿನಲ್ಲಿ
ಇಪ್ಪತ್ತಾರು ವರ್ಷದಿಂದ ಲೆಕ್ಕ ಬರೆಯುತ್ತೇನೆ.
ಇಲ್ಲಿಂದ ಹೊರಟ ಗಡ್ಡೆ ಇಷ್ಟು,
ಬೋಟಿಗೆ ಮುಟ್ಟಿದ್ದು ಇಷ್ಟು,
ನಡುವೆ ಕರಗಿದ್ದು ಇಷ್ಟು.
ಆ ಮೂರನೆಯ ಕಲಮನ್ನು
ಈ ತನಕ ಯಾವ ಆಡಿಟರೂ ಕೇಳಿದ್ದಿಲ್ಲ.
ಐಸಲ್ಲವೆ, ಕರಗುತ್ತದೆ.

ಟ್ರಾಲಿಂಗ್ ರಜೆ ಮುಗಿದು ಬೋಟು ಇಳಿದ ವಾರ
ಮೊಯ್ದಿನಬ್ಬ ಸಾಹುಕಾರರು ಖುಷಿಯಲ್ಲಿದ್ದರು.
"ಕಂಪ್ರೆಸರ್ ಸೇಸಪ್ಪನಿಗೆ ಎಂಟುನೂರು ಏರಿಸಿ ಬಾಯಿ,
ಅಮೋನಿಯಾ ಕುಡಿದು ಕುಡಿದು
ಅವನ ಕಣ್ಣು ನೋಡಿದ್ದೀರಾ?"
ಇಪ್ಪತ್ತು ಸಾವಿರದ ಆರುನೂರು ಹೊಡೆದು ಹಾಕಿ
ಇಪ್ಪತ್ತೊಂದು ಸಾವಿರದ ನಾನೂರು ಬರೆದೆ.
ಶಾಯಿ ಒಣಗುವ ಮೊದಲೇ ನೆನಪಾಯಿತು:

ಇಪ್ಪತ್ತೊಂದು ಸಾವಿರ ದಾಟಿದವನಿಗೆ
ಇ.ಎಸ್.ಐ. ಇಲ್ಲ.

ಅವನ ಸಂಬಳದಿಂದ ನೂರ ಐವತ್ತೈದು,
ಸಾಹುಕಾರರ ಕೈಯಿಂದ ಆರುನೂರ ಎಪ್ಪತ್ತು,
ತಿಂಗಳಿಗೆ ಒಟ್ಟು ಎಂಟುನೂರ ಇಪ್ಪತ್ತೈದು ಕಟ್ಟಿದರೆ
ಅವನ ಗುಲಾಬಿಯ ರಕ್ತ
ವಾರಕ್ಕೆರಡು ಸಲ ಮೆಷಿನಿನೊಳಗೆ ಹೋಗಿ
ತೊಳೆದುಕೊಂಡು ಬರುತ್ತಿತ್ತು.
ಸೆಪ್ಟೆಂಬರ್ ಮುಗಿಯುವ ತನಕ ಹಾಗೇ ನಡೆಯುತ್ತದೆ.
ಆಮೇಲೆ ಸೇಸಪ್ಪ, ಕಾಗದದಲ್ಲಿ, ಅನುಕೂಲಸ್ಥ.

ಮಧ್ಯಾಹ್ನ ಊಟದ ಬುತ್ತಿ ಬಿಚ್ಚುವ ಹೊತ್ತಿಗೆ ಬಂದ.
ಬಾಗಿಲ ಹೊರಗೇ ಗಂಬೂಟು ಬಿಟ್ಟ.
"ಬಾಯಿ, ಏರಿದ್ದನ್ನು ಇಳಿಸ್ಲಿಕ್ಕೆ ಬರುದಿಲ್ವಾ?"
ಇಷ್ಟು ವರ್ಷದಲ್ಲಿ ಸಂಬಳ ಕಡಿಮೆ ಮಾಡಿ ಎಂದು ಕೇಳಿದವ
ಅವನೊಬ್ಬನೇ.
ನನಗೆ ಅನ್ನ ಇಳಿಯಲಿಲ್ಲ, ಬಂಗುಡೆ ಸಾರು ತಣ್ಣಗಾಯಿತು.

ಮಾರ್ನೆಮಿಯ ಮೊದಲ ದಿನ, ತಾಸೆಯ ಸದ್ದಿನ ನಡುವೆ,
ಏಜೆಂಟ್ ಕುಡ್ವರ ಫೋನು:
"ಸೊನ್ನೆ ಬಾಯಿ, ಸೊನ್ನೆ! ಪ್ರೀಮಿಯಮ್ಮಿನ ಮೇಲೆ ತೆರಿಗೆಯೇ ಇಲ್ಲ ಇನ್ನು.
ನಿಮಗೆ ಮೂರು ಸಾವಿರದ ಇನ್ನೂರ ನಲವತ್ತು ಉಳೀತು."
ನನಗೆ. ಒಂದು ಜ್ವರವೂ ಸರಿಯಾಗಿ ಬಾರದ ನನಗೆ.
ಗುಲಾಬಿಗೊಂದು ಪಾಲಿಸಿ ಮಾಡಬಹುದಾ ಎಂದೆ.
ಆಚೆ ಕಡೆ ಹುಲಿಗಳು ಮಾತ್ರ ಕುಣಿಯುತ್ತಿದ್ದವು.
"ಮೊದಲಿಂದ ಇದ್ದ ಕಾಯಿಲೆ ಅಲ್ವಾ ಅದು..."
ಪ್ಲಾಂಟಿನ ಹದಿನಾಲ್ಕು ಜನಕ್ಕೆ ಒಟ್ಟಿಗೆ?
"ಗುಂಪಿನದ್ದಕ್ಕೆ ಹದಿನೆಂಟು ಪರ್ಸೆಂಟು ಹಾಗೇ ಉಂಟು.
ಮತ್ತೆ ಒಬ್ಬಳ ಕಿಡ್ನಿಗೆ
ಎಲ್ಲರದ್ದೂ ಏರ್ತದೆ, ಸಾಹುಕಾರ್ರು ಒಪ್ತಾರಾ?"

ಒಬ್ಬೊಬ್ಬರೇ ಇದ್ದರೆ ಸೊನ್ನೆ,
ಒಟ್ಟಿಗೆ ನಿಂತರೆ ಹದಿನೆಂಟು.
ಕರ ಎಂಬ ಮಾತಿನ ಬಾಲಕ್ಕೆ ಒಂದು ಗು ಸೇರಿಸಿದರೆ
ನಮ್ಮ ಪ್ಲಾಂಟಿನ ಕತೆಯೇ ಆಯಿತು
ಎಂದು ರಫ್ ಪುಸ್ತಕದ ಮೂಲೆಯಲ್ಲಿ ಗೀಚಿ
ಮತ್ತೆ ಉಜ್ಜಿದೆ.

ಸಾಹುಕಾರರಿಗೆ ಹೇಳಿದಾಗ ಮೊದಲು ಸಿಟ್ಟೇ ಬಂತು.
"ಕೊಟ್ಟದ್ದನ್ನು ಹಿಂದೆ ತಗೊಳ್ಳುದಾ? ನಾನು ಅಂಥವನಾ?"
ಟೊಪ್ಪಿ ತೆಗೆದು ತಲೆ ತುರಿಸಿದರು,
ಮತ್ತೆ ಇಟ್ಟರು.
ಕ್ರಷರಿನಿಂದ ಪುಡಿ ಐಸು
ಜಾರುದಾರಿಯಲ್ಲಿ ಬೋಟಿನ ಹೊಟ್ಟೆಗೆ ಸುರಿಯುವುದನ್ನೇ
ಬಹಳ ಹೊತ್ತು ನೋಡಿದರು.
"ಇಪ್ಪತ್ತು ಸಾವಿರದ ಒಂಬೈನೂರ ತೊಂಬತ್ತು ಬರೀರಿ.
ಉಳಿದ ನಾನೂರ ಹತ್ತಕ್ಕೆ
ತಿಂಗಳು ತಿಂಗಳು ಅವನ ಮನೆಗೆ ಮೀನು ಹೋಗ್ಲಿ."
"ಅದನ್ನು ಯಾವ ಬಾಬ್ತಿಗೆ ಹಾಕಲಿ?"
"ಅದು ನಿಮ್ಮ ಕೆಲಸ, ನನ್ನದಲ್ಲ."

ಇಪ್ಪತ್ತಾರು ವರ್ಷ ಒಂದು ಸುಳ್ಳು ಅಂಕಿ ಬರೆದವಳಲ್ಲ ನಾನು.
ಆದಿತ್ಯವಾರ ಪೂಜೆಯಲ್ಲಿ ಕಣ್ಣು ಮುಚ್ಚಿದರೂ
ನಾನೂರ ಹತ್ತೇ ಕಾಣುತ್ತಿತ್ತು.

ಮೊನ್ನೆ ಆಡಿಟರು ಬಂದಿದ್ದರು, ಹೊಸ ಹುಡುಗ,
ಕನ್ನಡಕದೊಳಗಿಂದ ಮೂರನೆಯ ಕಲಮಿನ ಮೇಲೆ
ಬೆರಳಿಟ್ಟ.
"ಈ ಸಲ ಸ್ವಲ್ಪ ಜಾಸ್ತಿ ಕರಗಿದೆಯಲ್ಲ ಮೇಡಂ?"

ಕೆಳಗೆ ಸೇಸಪ್ಪ ಕಂಪ್ರೆಸರ್ ಹಾಕಿದ.
ಮೇಜು ಸಣ್ಣಗೆ ನಡುಗಿತು.

"ಸೆಕೆ," ಎಂದೆ.